ಕೆಂಪು ಗಿಡದ ನೀರು

ಒಂದೇ ಗಿಡವನ್ನು ಒಬ್ಬ ಮನುಷ್ಯ ಎಷ್ಟು ಸಲ ಸಾಯಿಸಬಹುದು? ನಾನು ನಾಲ್ಕು ಸಲ ಸಾಯಿಸಿದ್ದೇನೆ. ನಾಲ್ಕು ಸಲವೂ ಬೀಜಾಡಿಯ ನಮ್ಮ ಮನೆಯಲ್ಲಿ, ನಾಲ್ಕು ಸಲವೂ ಒಂದೇ ರೀತಿಯಲ್ಲಿ. ಮೊದಲ ವಾರ ಚೆಂದ. ಎರಡನೇ ವಾರ ಕೆಳಗಿನ ಎಲೆಗಳು ಬಣ್ಣ ಬಿಟ್ಟು ಎಣ್ಣೆ ತಾಗಿದ ಕಾಗದದಂತಾಗುವುದು. ಮೂರನೇ ವಾರ ಕಡ್ಡಿ ಬುಡದಲ್ಲೇ ಕರಗಿ ತುದಿ ಮಾತ್ರ ಮೇಲೆ ತೇಲುವುದು. ಐದನೇ ಸಲ ಅದು ನಮ್ಮ ಲ್ಯಾಬಿನಲ್ಲೇ ಸಾಯತೊಡಗಿದಾಗ, ಅದನ್ನು ಹನ್ನೊಂದು ವರ್ಷ ಬೆಳೆಸಿದವರು ತೀರಿಹೋಗಿ ಮೂರು ವಾರವಾಗಿತ್ತು. ಕೇಳೋಣವೆಂದರೆ ಅವರಿಲ್ಲ. ಇದ್ದಾಗ ಕೇಳಿದರೂ ನೆಟ್ಟಗೆ ಉತ್ತರ ಕೊಟ್ಟವರಲ್ಲ. ಆ ಸಿಟ್ಟು ನನಗಿನ್ನೂ ಪೂರ್ತಿ ಇಳಿದಿಲ್ಲ, ಅದನ್ನು ಮುಚ್ಚಿಟ್ಟುಕೊಂಡು ಅವರ ಬಗ್ಗೆ ಬರೆಯಲು ನನ್ನಿಂದಾಗದು.

ಕುಂದಾಪುರದಲ್ಲಿ ಹೆದ್ದಾರಿಯ ಪಕ್ಕದ ಸಣ್ಣ ರಕ್ತಪರೀಕ್ಷೆಯ ಲ್ಯಾಬು ನಮ್ಮದು. ಇದ್ದವರು ನಾಲ್ಕೇ ಜನ. ಲ್ಯಾಬಿನ ಯಜಮಾನರಾದ ಡಾಕ್ಟರು, ಹಿರಿಯ ಟೆಕ್ನಿಷಿಯನ್ ಆಗಿದ್ದ, ಆ ಗಿಡ ಬೆಳೆಸಿದ ಇವರು, ಇವರ ಕೈಕೆಳಗೆ ಕಿರಿಯಳಾಗಿ ನಾನು, ಮತ್ತೆ ಗುಡಿಸಿ ಒರೆಸಿ ಕುಡಿಯುವ ನೀರು ತುಂಬಿಸಿಡುವ ಅಕ್ಕ. ಇವರು ಯಡ್ತರೆಯಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುವವರು ಬೆಳಿಗ್ಗೆಯೇ ಬರುತ್ತಾರಲ್ಲ, ಅವರಿಗಿಂತ ಮುಂಚೆ ಬಾಗಿಲು ತೆರೆದಿರಬೇಕು ಎಂಬುದು ಇವರ ಹಟ. ನಾನೂ ಅಕ್ಕನೂ ಬರುವಷ್ಟರಲ್ಲಿ ಇವರು ತೋಳಿನ ಗುಂಡಿ ಹಾಕಿಕೊಂಡು, ಕನ್ನಡಕದ ದಾರ ಸರಿಮಾಡಿಕೊಂಡು, ಅರ್ಧ ಕೆಲಸ ಮುಗಿಸಿ ಕೂತಿರುತ್ತಿದ್ದರು.

‘ಸುಮಾರು’ ಎಂಬ ಮಾತು ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ. ಯಾರಾದರೂ ರಿಪೋರ್ಟು ಬರುವ ಮೊದಲೇ, “ಶುಗರ್ ಜಾಸ್ತಿ ಇಪ್ಪುಕೂ ಸಾಕಾ ಸರ್?” ಎಂದು ಕೇಳಿದರೆ, “ಅಂದಾಜ್ ಬೇಕಾದ್ರೆ ಬಸ್‌ಸ್ಟ್ಯಾಂಡಗೆ ಗಿಳಿಶಾಸ್ತ್ರದವ ಇದ್ದ, ಅಲ್ಲಿ ಹೋಯ್ನಿ” ಎನ್ನುತ್ತಿದ್ದರು. ಕೋಪದಿಂದಲ್ಲ, ದಾರಿ ಹೇಳುವವರ ಹಾಗೆ. ಕೇಳಿದವರು ನಗಬೇಕೋ ಬೇಡವೋ ತಿಳಿಯದೆ ಹೊರಗೆ ಹೋಗಿ ಕೂರುತ್ತಿದ್ದರು.

ಲ್ಯಾಬಿನಲ್ಲಿ ಗಿಡ ಬೆಳೆಸಿದ್ದ ಗಾಜಿನ ತೊಟ್ಟಿ ಅವರದ್ದೇ. ಎರಡಡಿ ಉದ್ದ. ರಕ್ತ ತೆಗೆಯುವ ಕುರ್ಚಿಯ ಎದುರಿಗೇ ಇಟ್ಟಿದ್ದರು. ಒಳಗೆ ನಾಲ್ಕೈದು ಸಣ್ಣ ಮೀನು, ಉಳಿದಂತೆ ಇಡೀ ತೊಟ್ಟಿ ಒಂದೇ ಗಿಡ. ಅಕ್ವೇರಿಯಂ ಅಂಗಡಿಯವರು ಅದನ್ನು ರೊಟಾಲಾ ಅಂತ ಕರೆದು, ಜೊತೆಗೆ ನಾಲಿಗೆ ಹೊರಳದ ಇನ್ನೊಂದು ಹೆಸರನ್ನೂ ಸೇರಿಸುತ್ತಾರೆ. ಇವರು ಬರೀ ‘ಕೆಂಪು’ ಎನ್ನುತ್ತಿದ್ದರು. ನೀರಿನೊಳಗೆ ನೆಟ್ಟಗೆ ನಿಂತ ಕಡ್ಡಿಗಳು, ಸುತ್ತ ತೆಳ್ಳನೆಯ ಅಲೆಯಂಚಿನ ಎಲೆಗಳು, ತುದಿಗೆ ಹೋದಂತೆ ದಾಸವಾಳದ ಕೆಂಪು. ರಕ್ತ ತೆಗೆಯುವ ಜಾಗದಲ್ಲಿ ಕೆಂಪು ಬೇಡ ಎಂದು ಡಾಕ್ಟರು ಮೊದಮೊದಲು ಗೊಣಗಿದ್ದರು. “ಜನ ಹೆದ್ರುದ್ ಸೂಜಿ ಕಂಡ್, ಕೆಂಪ್ ಕಂಡ್ ಅಲ್ಲ” ಎಂದು ಇವರು ಜಾಗ ಬಿಡಲಿಲ್ಲ.

ಹೇಳಿದ್ದು ಸರಿಯೇ ಇತ್ತು. ಗಂಗೊಳ್ಳಿಯ ಬೋಟಿಗೆ ಹೋಗುವ ಒಬ್ಬರಿದ್ದರು, ಬಾಗಿಲಲ್ಲಿ ನಿಂತರೆ ಬೆಳಕು ಬಾರದಷ್ಟು ದೊಡ್ಡ ಆಳು, ಸೂಜಿ ಕಂಡರೆ ಬೆವರಿ ಒದ್ದೆಯಾಗುವವರು. ಅವರ ತೋಳಿಗೆ ರಬ್ಬರು ಕಟ್ಟುತ್ತ ಇವರು, “ಹ್ವಾಯ್, ಬಲದ್ ಬದಿಯಿಂದ ಮೂರನೇ ಕಡ್ಡಿ ಕಾಣಿ. ತುದಿಯಲ್ಲಿ ಕೆಂಪ್ ಎಲೆ ಎಷ್ಟಿತ್ತ್, ಎಣ್ಸಿ ಹೇಳಿ” ಎಂದರು. ಅವರು ಎಣಿಸತೊಡಗಿದರು. ಏಳಕ್ಕೆ ಬರುವಷ್ಟರಲ್ಲಿ ಇವರು ಹತ್ತಿ ಒತ್ತಿ, “ಆಯ್ತ್, ಏಳಿ” ಎಂದರು. “ಇರಿ ಮಾರಾಯ್ರೆ, ಇನ್ನೂ ಇತ್ತ್” ಎಂದು ಅವರು ಎಣಿಕೆ ಮುಗಿಸಿಯೇ ಎದ್ದದ್ದು. ಆಮೇಲೆ ಅದೇ ನಮ್ಮ ಲ್ಯಾಬಿನ ಪದ್ಧತಿಯಾಯಿತು. ನಾನೂ ಹಾಗೆಯೇ ಕೇಳಲು ಕಲಿತೆ.

ಈ ಗಿಡಕ್ಕೆ ಅವರು ಮಾಡುತ್ತಿದ್ದುದನ್ನೆಲ್ಲ ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ತಳಕ್ಕೆ ಮುರಕಲ್ಲಿನ, ಎಂದರೆ ಜಂಬಿಟ್ಟಿಗೆಯ ಚೂರು, ಅದರ ಮೇಲೆ ಗದ್ದೆಯ ಮಣ್ಣು, ಅದರ ಮೇಲೆ ತೊಳೆದ ಮರಳು. ದೀಪ ದಿನಕ್ಕೆ ಇಷ್ಟೇ ಗಂಟೆ. ಒಂದು ಬಾಟಲಿಯಲ್ಲಿ ಬೆಲ್ಲದ ನೀರು, ಯೀಸ್ಟು. ಅದು ಹುಳಿಬಂದು ಹೊರಡುವ ಗಾಳಿಯನ್ನು ರೋಗಿಗಳಿಗೆ ಡ್ರಿಪ್ ಹಾಕುವ ನಳಿಕೆಯಲ್ಲಿ ತೊಟ್ಟಿಗೆ ಬಿಡುತ್ತಿದ್ದರು. ಗಡಿಯಾರ ಹಿಡಿದು ಗುಳ್ಳೆ ಎಣಿಸುತ್ತಿದ್ದರು. ಮೊದಲ ಸಲ ಆ ವಾಸನೆ ಬಂದ ದಿನ ಡಾಕ್ಟರು ಮೂಗು ಹಿಡಿದುಕೊಂಡು, “ಲ್ಯಾಬಗೆ ಕಳ್ಳ್ ಇಳ್ಸುಕೆ ಶುರು ಮಾಡಿದ್ರಾ?” ಎಂದದ್ದು ನೆನಪಿದೆ. ಎರಡು ವಾರಕ್ಕೊಮ್ಮೆ ಶನಿವಾರ ಕಡ್ಡಿಗಳ ತುದಿ ಕತ್ತರಿಸಿ, ಪರೀಕ್ಷಾನಳಿಕೆ ನೋಡುವ ಹಾಗೆ ಬೆಳಕಿಗೆ ಹಿಡಿದು ನೋಡಿ, ಚಿಮಟದಲ್ಲಿ ಮತ್ತೆ ನೆಡುತ್ತಿದ್ದರು. ಹೆಚ್ಚಾದ ತುದಿಗಳನ್ನು ನನಗೆ ಕೊಡುತ್ತಿದ್ದರು. ನಾನು ಸಂಭ್ರಮದಿಂದ ಒದ್ದೆ ಹತ್ತಿಯಲ್ಲಿ ಸುತ್ತಿ ಮನೆಗೆ ಒಯ್ದು, ಮುರಕಲ್ಲು, ಬೆಲ್ಲ, ದೀಪ, ಗಡಿಯಾರ ಎಲ್ಲವನ್ನೂ ಅಕ್ಷರ ತಪ್ಪದೆ ಮಾಡಿ, ಮೂರನೇ ವಾರಕ್ಕೆ ಸಾಯಿಸುತ್ತಿದ್ದೆ.

“ಸರ್, ಎಂತ ತಪ್ಪಾತ್ತ್ ನಂದ್?”

“ಕಾಣಿ.”

“ಎಂತ ಕಾಣುದ್ ಸರ್?”

“ಕಾಣ್ತಾ ಇರಿ, ಗೊತ್ತಾತ್ತ್.”

ಇಷ್ಟೇ. ಇಪ್ಪತ್ತು ಪರೀಕ್ಷೆಗಳ ಅಂಕೆಗಳನ್ನು ಚುಕ್ಕೆ ತಪ್ಪದೆ ಹೇಳುವ ಮನುಷ್ಯ, ಒಂದು ಗಿಡದ ವಿಷಯದಲ್ಲಿ ಹೀಗೆ ಸನ್ಯಾಸಿಯ ಹಾಗೆ ಮಾತಾಡಿದರೆ ಯಾರಿಗೆ ತಲೆ ಕೆಡುವುದಿಲ್ಲ? ಗುಟ್ಟು ಬಿಟ್ಟುಕೊಡಲು ಮನಸ್ಸಿಲ್ಲ ಎಂದೇ ನಾನು ತಿಳಿದೆ. ಹಾಗೆ ತಿಳಿಯಲು ಇನ್ನೊಂದು ಕಾರಣವೂ ಇತ್ತು. ಅದನ್ನು ಹೇಳಲು ಈಗ ನಾಚಿಕೆಯಾಗುತ್ತದೆ.

ಅವರ ಮೇಜಿನ ಕೆಳಗೆ ಐದು ಲೀಟರಿನ ಒಂದು ಬಿಳಿ ಕ್ಯಾನು ಇರುತ್ತಿತ್ತು. ದಿನಾ ಮನೆಯಿಂದ ನೀರು ತುಂಬಿಸಿ ತರುವುದು, ಸಂಜೆ ಖಾಲಿ ಕ್ಯಾನು ಹಿಡಿದು ಬಸ್ಸು ಹತ್ತುವುದು. ಮೇಜಿನ ಮೇಲೆ ಒಂದು ಸ್ಟೀಲ್ ಬಾಟಲಿ, ಅದರಿಂದ ಗುಟುಕು ಗುಟುಕಾಗಿ ಕುಡಿಯುವುದು. ಮೂಲೆಯಲ್ಲಿ ಅಕ್ಕ ತುಂಬಿಸಿಡುವ ಫಿಲ್ಟರಿನ ಹತ್ತಿರ ಅವರು ನಿಂತದ್ದನ್ನು ನಾವು ಯಾರೂ ಕಂಡಿರಲಿಲ್ಲ. ಯಡ್ತರೆಯಲ್ಲಿ ಅವರ ಮನೆ ದೇವಸ್ಥಾನಕ್ಕೆ ತಾಗಿದಂತೆ. ಮಡಿ ಮೈಲಿಗೆಯ ಮನೆತನ ಎಂದು ಹೆಸರಾದದ್ದು. ಇನ್ನು ಹೇಳುವುದೇನು? ಅಕ್ಕ ಒಂದು ದಿನ ನೆಲ ಒರೆಸುತ್ತ ನನ್ನ ಹತ್ತಿರ, “ಕಂಡ್ಯಾ ಹೆಣೆ, ನಾನ್ ತುಂಬ್ಸಿದ್ ನೀರ್ ಅವ್ರಿಗೆ ಆತಿಲ್ಲೆ” ಎಂದಳು. ನಗುತ್ತಲೇ ಹೇಳಿದಳು. ಆದರೆ ಹಿಂಡಿದ ಬಟ್ಟೆಯನ್ನು ಮತ್ತೆ ಮತ್ತೆ ಹಿಂಡುತ್ತಿದ್ದಳು.

ಅವತ್ತಿನಿಂದ ಆ ಕ್ಯಾನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಒಬ್ಬ ಮನುಷ್ಯ ದಿನಕ್ಕೆ ಐದು ಲೀಟರ್ ನೀರು ಕುಡಿಯುತ್ತಾನೆಯೇ ಎಂದು, ಎರಡು ಮಿಲಿಲೀಟರ್ ರಕ್ತಕ್ಕೆ ಲೆಕ್ಕ ಇಡುವ ನಾವು ಯಾರೂ ಯೋಚಿಸಲಿಲ್ಲ. ಹನ್ನೊಂದು ಗಂಟೆಗೆ ನಮ್ಮೊಟ್ಟಿಗೇ ಎದುರಿನ ಕ್ಯಾಂಟೀನಿಗೆ ಬಂದು, ಊರವರೆಲ್ಲ ಕುಡಿದು ತೊಳೆದ ಅದೇ ಗಾಜಿನ ಲೋಟದಲ್ಲಿ ಅವರು ಚಹಾ ಕುಡಿಯುತ್ತಿದ್ದರು. ಅದೂ ಕಣ್ಣಿಗೆ ಬೀಳಲಿಲ್ಲ. ಒಮ್ಮೆ ಮನಸ್ಸಿನಲ್ಲಿ ರಿಪೋರ್ಟು ಬರೆದಾದ ಮೇಲೆ ಮತ್ತೆ ಸ್ಯಾಂಪಲ್ ಯಾರು ನೋಡುತ್ತಾರೆ? ಕೇಳಿಬಿಟ್ಟಿದ್ದರೆ ಮುಗಿದು ಹೋಗುತ್ತಿತ್ತು. ಅಂಥದ್ದನ್ನು ಬಾಯಿಬಿಟ್ಟು ಕೇಳುವುದು ನಮ್ಮ ಕಡೆಯ ವಾಡಿಕೆಯಲ್ಲ. ಒಳಗೊಳಗೇ ತಿಳಿದುಕೊಳ್ಳುವುದು, ಒಳಗೊಳಗೇ ಬೇಸರ ಮಾಡಿಕೊಳ್ಳುವುದು.

ಮೂರನೇ ಸಲ ಗಿಡ ಸತ್ತಾಗ ಕ್ಯಾಂಟೀನಿನಲ್ಲಿ ಅವರ ಹತ್ತಿರ ಸ್ವಲ್ಪ ಜೋರಾಗಿಯೇ ಹೇಳಿಕೊಂಡೆ. ನೀವು ಮಾಡಿದ್ದನ್ನೆಲ್ಲ ಮಾಡಿದ್ದೇನೆ, ಆದರೂ ಬರುವುದಿಲ್ಲ, ಎಂತ ಮಂತ್ರ ಹಾಕುತ್ತೀರಿ ಎಂದೆ. ಅವರು ಲೋಟ ಕೆಳಗಿಟ್ಟು, ತುಂಬ ಯೋಚಿಸಿದವರಂತೆ ಕೇಳಿದರು:

“ಹ್ವಾಯ್, ನಿಮ್ಮನಿ ಬಾವಿ ನೀರಲ್ಲಿ ತೊಗರಿಬೇಳೆ ಬೇಗ ಬೇತ್ತಾ?”

ಗಿಡದ ವಿಷಯಕ್ಕೂ ನಮ್ಮನೆಯ ಅಡುಗೆಗೂ ಎಂತ ಸಂಬಂಧ? ನಮ್ಮ ಮನೆಯ ನೀರು ಹೇಗೆ, ನಾವು ಎಂತ ಬೇಯಿಸುತ್ತೇವೆ ಎಂದು ಕೇಳುವುದಕ್ಕೆ, ನಮ್ಮ ನೀರು ಮುಟ್ಟದ ಇವರು ಯಾರು? ನನಗೆ ಎಲ್ಲಿತ್ತೋ ಸಿಟ್ಟು. “ನಮ್ಮನಿ ಬೇಳೆ ಬೆಂದ್ರೆಂತ, ಬಿಟ್ರೆಂತ ಸರ್? ನೀವಂತೂ ಉಂಬುಕೆ ಬಪ್ಪರಲ್ಲ” ಎಂದುಬಿಟ್ಟೆ.

ಅವರು ಲೋಟ ಎತ್ತಿಕೊಂಡು ಉಳಿದ ಚಹಾ ಕುಡಿದರು. ಮತ್ತೆಂದೂ ಆ ಮಾತು ತೆಗೆಯಲಿಲ್ಲ. ಶನಿವಾರ ಬಂದರೆ ಕತ್ತರಿಸಿದ ತುದಿಗಳನ್ನು ಕೊಡುವುದನ್ನು ಮಾತ್ರ ಬಿಡಲಿಲ್ಲ. ನಾಲ್ಕನೆಯದ್ದನ್ನೂ ನಾನು ಸಾಯಿಸಿದೆ.

ಒಂದು ಸೋಮವಾರ ನಾನು ಬರುವಾಗ ಲ್ಯಾಬಿನ ಬಾಗಿಲು ಮುಚ್ಚಿತ್ತು. ಖಾಲಿ ಹೊಟ್ಟೆಯಲ್ಲಿ ಬಂದ ನಾಲ್ಕು ಜನ ಮೆಟ್ಟಿಲ ಮೇಲೆ ನಿಂತಿದ್ದರು. ಹನ್ನೊಂದು ವರ್ಷದಲ್ಲಿ ಆ ಬಾಗಿಲು ಆ ಹೊತ್ತಿಗೆ ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಡಾಕ್ಟರಿಗೆ ಫೋನು ಬಂತು. ಭಾನುವಾರ ಮಧ್ಯಾಹ್ನ ಊಟ ಮಾಡಿ ಮಲಗಿದವರು ಎದ್ದಿರಲಿಲ್ಲ. ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು.

ಬೊಜ್ಜದ ದಿನ, ಉತ್ತರಕ್ರಿಯೆಯ ಊಟಕ್ಕೆ, ಡಾಕ್ಟರು ಹೋದರು. ನಾನು ಮನೆಗೆ ನೆಂಟರು ಬರುತ್ತಾರೆಂದು ಸುಳ್ಳು ಹೇಳಿ ಉಳಿದುಕೊಂಡೆ. ಅಕ್ಕನೂ ಹೋಗಲಿಲ್ಲ. ಹೋಗಿ ಆ ಮನೆಯ ಅಂಗಳದಲ್ಲಿ ಬೇರೆ ಪಂಕ್ತಿಯಲ್ಲಿ ಕೂರುವುದು ಯಾಕೆ ಎಂದು ನಾವಿಬ್ಬರೂ ಮಾತಾಡಿಕೊಂಡದ್ದು ಹೌದು.

ತೊಟ್ಟಿ ನನ್ನ ಪಾಲಿಗೆ ಬಂತು. ಮನುಷ್ಯನ ಮೇಲೆ ಬೇಸರವಿತ್ತು, ಆದರೆ ಗಿಡ ಹೋಗುವುದು ನನಗೆ ಬೇಡವಾಗಿತ್ತು. ಅವರು ಕೈಯಾರೆ ಕತ್ತರಿಸಿ ನೆಟ್ಟು, ಮತ್ತೆ ಕತ್ತರಿಸಿ ನೆಟ್ಟು, ಒಂದೇ ಗಿಡವನ್ನು ಹನ್ನೊಂದು ವರ್ಷ ಎಳೆದು ತಂದಿದ್ದರು. ಅವರ ಕೈಕೆಲಸ ಅಂತ ಲ್ಯಾಬಿನಲ್ಲಿ ಉಳಿದದ್ದೂ ಅದೊಂದೇ. ನಾನು ಬೆಲ್ಲ ಹಾಕಿದೆ, ಗುಳ್ಳೆ ಎಣಿಸಿದೆ, ಶನಿವಾರ ಹಳೆ ನೀರು ತೆಗೆದು ನಲ್ಲಿಯಿಂದ ಹೊಸ ನೀರು ತುಂಬಿದೆ. ಮೂರು ವಾರಕ್ಕೆ ಹತ್ತೊಂಬತ್ತು ಕಡ್ಡಿಗಳಲ್ಲಿ ಹನ್ನೆರಡು ಕರಗಿದವು. ನಲ್ಲಿ ನೀರು ಸರಿಯಿಲ್ಲವೇನೋ ಎಂದು ಖನಿಜಾಂಶ ಒಂದಿಷ್ಟೂ ಇಲ್ಲದ ಲ್ಯಾಬಿನ ಡಿಸ್ಟಿಲ್ಡ್ ನೀರು ಸುರಿದೆ. ಅದು ಇನ್ನೂ ಎಡವಟ್ಟಾಯಿತು. ಒಂದೇ ವಾರದಲ್ಲಿ ನಾಲ್ಕು ಹೋಗಿ ಮೂರು ಉಳಿದವು. ಬೋಟಿನವರು ಬಂದವರು, “ಎಣ್ಸುಕ್ ಎಂತ ಇತ್ತ್ ಮಾರಾಯ್ತಿ ಇದ್ರಗೆ?” ಎಂದು ಬೆವರಿಕೊಂಡು ಕೂತರು. ಡಾಕ್ಟರು, “ಈ ತಿಂಗಳ್ ಕಾಂಬ. ಆಗ್ದಿದ್ರೆ ತೊಟ್ಟಿ ತೆಗ್ದ್ ಟಿವಿ ಹಾಕ್ಸುವ” ಎಂದು, ಹೇಳಿದ್ದಷ್ಟೇ ಅಲ್ಲ, ಗೋಡೆಗೆ ಟಿವಿಯ ಕಬ್ಬಿಣದ ಚೌಕಟ್ಟು ಕೂಡಾ ಹೊಡೆಸಿಬಿಟ್ಟರು. ಆ ಚೌಕಟ್ಟನ್ನು ನೋಡಿದಾಗಲೆಲ್ಲ ನನಗೆ ಅಳು ಬರುವಷ್ಟು ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಗೊತ್ತಿರಲಿಲ್ಲ.

ಅದೇ ವಾರ ಡಾಕ್ಟರು ತೀರಿಹೋದವರ ಸಾಮಾನುಗಳನ್ನು ಅವರ ಮನೆಗೆ ಮುಟ್ಟಿಸಿ ಬರಲು ನನಗೆ ಹೇಳಿದರು. ಒಂದು ಹಳೆ ಕನ್ನಡಕ, ಕತ್ತರಿ, ಕೊನೆಯ ಶನಿವಾರ ಮರೆತು ಬಿಟ್ಟುಹೋಗಿದ್ದ ಸ್ಟೀಲ್ ಬಾಟಲಿ, ಆ ಬಿಳಿ ಕ್ಯಾನು. ಈ ಸಲ ಸುಳ್ಳು ಹೇಳಲು ನೆಂಟರಿರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಯಡ್ತರೆಗೆ ಹೋದೆ.

ಅವರ ಹೆಂಡತಿ ಜಗಲಿಯಲ್ಲೇ ಇದ್ದರು. ಲ್ಯಾಬಿನವಳು ಎಂದ ಕೂಡಲೇ ಕೈ ಹಿಡಿದು ಒಳಗೆ ಕರೆದು, ಚಾಪೆ ಹಾಸಿ ಕೂರಿಸಿ, ಬೆಲ್ಲ ಮತ್ತು ಒಂದು ಚೊಂಬು ನೀರು ತಂದಿಟ್ಟರು. ನಾನು ಕುಡಿದು ಇಟ್ಟ ಚೊಂಬಿನಲ್ಲಿ ಉಳಿದಿದ್ದ ನೀರನ್ನು ಮಾತಾಡುತ್ತ ಮಾತಾಡುತ್ತ ಅವರೇ ಎತ್ತಿ ಕುಡಿದರು.

ಸಾಮಾನುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಕ್ಯಾನು ಕೈಗೆ ತೆಗೆದುಕೊಂಡವರು ಕೇಳಿದರು: “ಹಂಗಾರೆ ಗಿಡಕ್ಕೆ ಈಗ ನೀರ್ ಯಾರ್ ತಕಂಡ್ ಹೋಪುದ್?”

“ಯಾವ ನೀರಮ್ಮ?”

“ಅಯ್ಯೋ, ಈ ನೀರೇ. ನಮ್ ಬಾವಿದ್. ದಿನಾ ಬೆಳ್ಗಾತ ಸೇದಿ ಕ್ಯಾನಗೆ ತುಂಬ್ಸಿ ತಕಂಡ್ ಹೋತಿದ್ರಲೆ. ಕುಂದಾಪ್ರದ್ ಬೋರಿನ ನೀರ್ ಗಡ್ಸ್, ಅದ್ರಗೆ ಆ ಗಿಡ ಬದ್ಕುದಿಲ್ಲೆ ಅಂಬ್ರ್. ನಮ್ದ್ ಮುರಕಲ್ಲಿನ ಬಾವಿ ಕಾಣಿ, ನೀರ್ ಮೆದು. ಬೇಳೆ ಹಾಕ್ರೆ ಒಂದ್ ಕುದಿಗೆ ಬೇತ್ತ್.”

ಬಾಯಿಗೆ ಬಂದದ್ದು ಒಂದೇ: “ಅವ್ರ್ ಕುಡಿಯುಕೆ ತಕಂಡ್ ಬಪ್ಪುದಲ್ದಾ?”

“ಕುಡಿಯುಕಾ?” ಅವರಿಗೆ ಅಷ್ಟು ದುಃಖದಲ್ಲೂ ನಗು ಬಂತು. “ಈ ನೀರ್ ಸಪ್ಪೆ ಅಂದೇಳಿ ಅವ್ರಿಗೆ ಮೊದ್ಲಿಂದ್ಲೂ ಆತಿರ್ಲಿಲ್ಲೆ. ಬಾಟ್ಲಿ ಖಾಲಿಯೇ ತಕಂಡ್ ಹೋಪುದ್. ಬೆಳಿಗ್ಗೆ ಹೋದ್ ಕೂಡ್ಲೆ ನಿಮ್ಮಲ್ಲಿ ಫಿಲ್ಟರಿಂದ ತುಂಬ್ಸ್ಕಂಬುದ್. ಸಂಜೆ ಬಪ್ಪತಿಗೆ ನಂಗೂ ಒಂದ್ ಬಾಟ್ಲಿ ತುಂಬ್ಸ್ಕಂಡ್ ಬಪ್ಪುದ್. ಅಲ್ಲೊಬ್ರ್ ಅಕ್ಕ ಇದ್ರಂಬ್ರಲೆ, ಫಿಲ್ಟರ್ ದಿನಾ ಬಿಚ್ಚಿ ತಿಕ್ಕಿ ತುಂಬ್ಸುದ್ ಅಂಬ್ರ್. ಅಷ್ಟ್ ಚೊಕ್ಕ ನಮ್ಮನೆಗೂ ಇಲ್ಲೆ ಅಂದೇಳಿ ನಂಗೇ ಹೇಳ್ತಿದ್ರ್.”

ಬೆಳಿಗ್ಗೆ ನಾವು ಬರುವ ಮೊದಲೇ ಅವರು ತೊಟ್ಟಿಯಿಂದ ಅಷ್ಟೇ ಹಳೆ ನೀರು ತೆಗೆದು ಕ್ಯಾನಿನ ನೀರನ್ನು ಹಾಕಿ, ಅಕ್ಕ ಹಿಂದಿನ ಸಂಜೆ ತುಂಬಿಟ್ಟ ಫಿಲ್ಟರಿನ ನೀರನ್ನು ಬಾಟಲಿಗೆ ತುಂಬಿಸಿಕೊಂಡು ಕೂತಿರುತ್ತಿದ್ದರು. ಸಂಜೆ ಬೀಗ ಹಾಕುವವರೂ ಅವರೇ, ಮನೆಗೆ ಒಯ್ಯುವ ನೀರನ್ನು ನಾವು ಹೋದ ಮೇಲೆ ತುಂಬಿಸಿಕೊಳ್ಳುತ್ತಿದ್ದರು. ನಾವು ಕಂಡದ್ದು ಕ್ಯಾನನ್ನು, ಬಾಟಲಿಯನ್ನು. ಉಳಿದದ್ದನ್ನೆಲ್ಲ ನಾವೇ ತುಂಬಿಸಿಕೊಂಡೆವು.

“ನಂಗ್ ಒಂದ್ ಮಾತ್ ಹೇಳ್ಲಿಲ್ಲೆ ಅಮ್ಮ ಅವ್ರ್. ನಾಕ್ ಸಲ ಗಿಡ ಸತ್ತ್‌ಹೋಯ್ತ್ ನಂದ್” ಎಂದೆ. ದೂರಿನ ಹಾಗೆಯೇ ಬಂತು ಮಾತು.

ಅವರು ನನ್ನನ್ನು ಸರಿಯಾಗಿ ನೋಡಿದರು. “ಬೀಜಾಡಿಯವ್ರ್ ನೀವೇಯಾ? ಕಡಲ್ ಬದಿ ನೀರ್, ಆ ಗಿಡಕ್ಕಾಪ್ದಲ್ಲ, ಹೆಂಗೆ ಹೇಳುದ್ ಅಂದೇಳಿ ಒದ್ದಾಡ್ತಿದ್ರ್. ಒಬ್ರ್ ಮನಿ ನೀರ್ ಸರಿಯಿಲ್ಲೆ ಅಂದ್ ನೆಟ್ಟಗ್ ಹೇಳುಕಾತ್ತಾ? ಅದ್ಕೇ ಒಂದ್ಸಲ ಬೇಳೆ ಬೇತ್ತಾ ಅಂದ್ ಕೇಂಡ್ರಂಬ್ರ್. ನಿಮ್ಗೆ ಸಿಟ್ಟ್ ಬಂತಂಬ್ರ್. ಇನ್ನ್ ಬಾಯಿ ಬಿಡುದಿಲ್ಲೆ ನಾನ್ ಅಂದ್ರ್ ಮನೆಗ್ ಬಂದ್.”

ಉತ್ತರ ನನಗೆ ಎರಡು ವರ್ಷದ ಹಿಂದೆಯೇ ಸಿಕ್ಕಿತ್ತು, ಕ್ಯಾಂಟೀನಿನ ಮೇಜಿನ ಮೇಲೆ, ಚಹಾದ ಲೋಟದ ಪಕ್ಕ. ನಾನೇ ಅದನ್ನು ಎತ್ತಿ ಅವರ ಮುಖಕ್ಕೆ ಎಸೆದಿದ್ದೆ. ಅವರ ಮೇಲೂ ಸಿಟ್ಟು ಬಂತು, ಈಗಲೂ ಬರುತ್ತದೆ. ಅಷ್ಟು ನಯ ಯಾಕೆ ಬೇಕಿತ್ತು? “ನಿಮ್ಮ ನೀರು ಗಡಸು” ಎಂದಿದ್ದರೆ ಒಂದು ದಿನ ಮುಖ ಊದಿಸಿಕೊಂಡು ಸುಮ್ಮನಾಗುತ್ತಿದ್ದೆನಲ್ಲ. ಕ್ಯಾನು ಗಿಡಕ್ಕೆ ಎಂದು ಮೊದಲೇ ಅಂದಿದ್ದರೆ ಹನ್ನೊಂದು ವರ್ಷ ಅಕ್ಕ ಬಟ್ಟೆ ಹಿಂಡಿಕೊಂಡು ಇರಬೇಕಾಗುತ್ತಿರಲಿಲ್ಲವಲ್ಲ.

ಹೊರಡುವಾಗ ಅವರೇ ಬಾವಿಯಿಂದ ಸೇದಿ ಕ್ಯಾನು ತುಂಬಿಸಿ ಕೊಟ್ಟರು. ಆಮೇಲೆ ಸ್ವಲ್ಪ ಹಿಂಜರಿದು, ಸ್ಟೀಲ್ ಬಾಟಲಿಯನ್ನೂ ನನ್ನ ಕೈಯಲ್ಲಿಟ್ಟರು. “ಮತ್ ನೀರಿಗ್ ಬಪ್ಪತಿಗೆ ಅಲ್ಲಿದ್ ಒಂದ್ ಬಾಟ್ಲಿ ತಕಂಡ್ ಬನ್ನಿ, ಆಯ್ತಾ? ನಂಗೂ ಅದೇ ಅಭ್ಯಾಸ ಆಯ್ತ್ ಕಾಣಿ.”

ಬಸ್ಸಿನಲ್ಲಿ ಕಂಡಕ್ಟರು ಕ್ಯಾನು ನೋಡಿ, “ಎಂತ ಅಕ್ಕ, ಎಣ್ಣೆಯಾ?” ಎಂದ. ನೀರು ಎಂದಾಗ ನಗಾಡಿದ. ಹನ್ನೊಂದು ವರ್ಷ ಇವರು ಅದೇ ದಾರಿಯಲ್ಲಿ, ಅದೇ ಕ್ಯಾನನ್ನು ಕಾಲಿನ ನಡುವೆ ಇಟ್ಟುಕೊಂಡು ಹೋಗಿ ಬಂದಿದ್ದರು. ಹೆಮ್ಮಾಡಿ ಬರುವಷ್ಟರಲ್ಲಿ ನನ್ನ ಸೊಂಟ ಹಿಡಿದಿತ್ತು.

ಲ್ಯಾಬಿನಲ್ಲಿ ಅಕ್ಕ ಸಂಜೆಯ ಕೆಲಸದಲ್ಲಿದ್ದಳು. ನಿಂತಲ್ಲೇ ಎಲ್ಲ ಹೇಳಿದೆ. ಕ್ಯಾನು, ಗಿಡ, ಫಿಲ್ಟರು, ಚೊಕ್ಕ ಎಂದು ಹೊಗಳಿದ್ದು, ಯಾವುದನ್ನೂ ಬಿಡಲಿಲ್ಲ. ಅವಳು ಒಮ್ಮೆಲೇ ರೇಗಿದಳು: “ಅದ್ನ ನಂಗೆ ಹೇಳುಕ್ ಎಂತ ದಾಡಿ ಆಯಿತ್ ಆ ಮನ್ಷನಿಗೆ! ಹನ್ನೊಂದ್ ವರ್ಷ ಹೆಣೆ, ಹನ್ನೊಂದ್ ವರ್ಷ! ಒಂದ್ ದಿನ ನಾನಾರೂ ಕೇಣ್ಬೇಕಿತ್ತಲೆ!”

ಒಂದು ಲೋಟ ತಂದು ಕ್ಯಾನಿನಿಂದ ಸುರಿದುಕೊಂಡು ಕುಡಿದಳು. ಬಾಯಿಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಿದಳು. “ಥೋ, ಸಪ್ಪೆ” ಎಂದಳು. “ಗಿಡಕ್ಕೇ ಸಮ ಇದ್.” ಉಳಿದ ನೀರನ್ನು ನಾನು ನಿಧಾನಕ್ಕೆ ತೊಟ್ಟಿಗೆ ಬಿಟ್ಟೆ.

ಇದಾಗಿ ಆರು ವಾರ. ವಾರಕ್ಕೆ ಎರಡು ಸಲ ಯಡ್ತರೆಗೆ ಹೋಗಿ ಬರುತ್ತೇನೆ. ಮೂರರಲ್ಲಿ ಒಂದು ಕಡ್ಡಿ ಹೋಯಿತು, ಎರಡು ನಿಂತಿವೆ. ತುದಿಯಲ್ಲಿ ಹೊಸ ಎಲೆ ಬಂದಿದೆ, ಕೆಂಪು ಇನ್ನೂ ಬಂದಿಲ್ಲ, ಒಂಥರಾ ಮಂಕು ಕಂದು. ಅದಕ್ಕೆ ಎಂತ ಬೇಕು ಎಂದು ನನಗೆ ಇನ್ನೂ ಪೂರ್ತಿ ಗೊತ್ತಾಗಿಲ್ಲ, ಕಾಣುತ್ತಾ ಇದ್ದೇನೆ. ಡಾಕ್ಟರು ಟಿವಿಯ ಮಾತು ಎತ್ತಿಲ್ಲ, ಚೌಕಟ್ಟು ಮಾತ್ರ ಗೋಡೆಯಲ್ಲೇ ಇದೆ.

ನಾನು ಹೊರಡುವ ದಿನ ಅಕ್ಕ ಅರ್ಧ ಗಂಟೆ ಮುಂಚೆ ಬರುತ್ತಾಳೆ. ಫಿಲ್ಟರು ಬಿಚ್ಚಿ ತಿಕ್ಕುತ್ತಾಳೆ. ಆ ಸ್ಟೀಲ್ ಬಾಟಲಿಯನ್ನು ಮೂರು ಸಲ ಗಲಬರಿಸಿ, ಕಂಠದವರೆಗೆ ತುಂಬಿಸಿ, ಮುಚ್ಚಳ ಬಿಗಿಮಾಡಿ, ತಲೆಕೆಳಗೆ ಹಿಡಿದು ನೋಡುತ್ತಾಳೆ. ಆಮೇಲೆ ಸೆರಗಿನಲ್ಲಿ ಒರೆಸಿ ನನ್ನ ಕೈಗೆ ಕೊಡುತ್ತಾಳೆ.

“ಸೋರ್ತಿಲ್ಲೆ. ಅಮ್ಮನಿಗೆ ನಾನೇ ತುಂಬ್ಸಿದ್ ಅಂದೇಳಿ ಹೇಳ್.”